ಹಗುರಾದ ಚಕ್ರ

“ಹದಿನೇಳು ವರ್ಷ ಆ ಗೋಡೆ ಪಕ್ಕಾನೇ ಹೋಗಿ ಬಂದೋರು ಸಾರ್. ಈಗ ಅದು ಅವರ ಕಣ್ಣಿಗೆ ಬೀಳ್ಲಿಲ್ಲ ಅಂತ ಬರೆದಿದಾರೆ, ನೋಡಿ!”

ಆಕೆ ಮಡಿಸಿದ ಕಾಗದವನ್ನು ಮೇಜಿನ ಮೇಲಿಟ್ಟು, ಎಲ್ಲಿ ಹಾರಿಹೋಗುತ್ತದೋ ಎಂಬಂತೆ ಅಂಗೈಯಿಂದ ಒತ್ತಿ ಹಿಡಿದಳು. ಮಂಗಳವಾರ, ಬೆಳಿಗ್ಗೆ ಹತ್ತು ಇಪ್ಪತ್ತು. ಇನ್ಸ್‌ಪೆಕ್ಟರ್ ಆ ಕೈಯಡಿಯಿಂದ ಕಾಗದವನ್ನು ಮೆಲ್ಲಗೆ ಎಳೆದುಕೊಂಡು ಓದಿದರು. ಬಂದರು ಕಚೇರಿಯ ಮೊದಲ ವರದಿ ಅದು. ಹಿಂದಿನ ದಿನ, ಸೋಮವಾರ, 6.30ರ ಮೊದಲ ಟ್ರಿಪ್ಪಿಗೆ ಒಂಬತ್ತು ಜನರನ್ನು ಕೂರಿಸಿಕೊಂಡು ಆಚೆ ದಡಕ್ಕೆ ಹೊರಟಿದ್ದ ಪವರ್ ಬೋಟು 6.38ಕ್ಕೆ ಅಲೆತಡೆಗೋಡೆಗೆ ಬಡಿದಿತ್ತು. ಇಬ್ಬರಿಗೆ ಮೂಳೆ ಮುರಿತ. ಚಾಲಕ ಸ್ಥಳದಲ್ಲೇ ಸಾವು. ‘ಕಾರಣ’ ಎಂಬಲ್ಲಿ ಎರಡೇ ಪದ: ಚಾಲಕನ ನಿರ್ಲಕ್ಷ್ಯ.

“ನೀವು ಅವರಿಗೆ?”

“ಹೆಂಡ್ತಿ. ಪರಿಹಾರ ಕೊಡ್ಸಿ ಅಂತ ಬಂದಿಲ್ಲ ಸಾರ್. ಆ ಎರಡು ಪದ ತೆಗೆಸಿ. ನನ್ನ ಮಗಳಿಗೆ ಒಂಬತ್ತು ವರ್ಷ. ಓದೋಕೆ ಬರುತ್ತೆ.”

ಪಕ್ಕದ ಕುರ್ಚಿಯಲ್ಲಿ ನಲವತ್ತೈದರ ಆಸುಪಾಸಿನ ಗಂಡಸೊಬ್ಬ ಎರಡೂ ಕೈಗಳನ್ನು ಮಂಡಿಗಳ ನಡುವೆ ಸಿಕ್ಕಿಸಿಕೊಂಡು ಕೂತಿದ್ದ. ಉಗುರಿನ ಸಂದುಗಳಲ್ಲಿ ಎಷ್ಟು ತೊಳೆದರೂ ಹೋಗದ ಕರಿ.

“ಇವರು?”

“ನಮ್ಮಣ್ಣ.”

“ಏನ್ ಕೆಲಸ?”

“ಬೋಟ್ ಮೆಕ್ಯಾನಿಕ್ ಸಾರ್,” ಅವನೇ ಹೇಳಿದ. “ಬೋಟ್‌ಯಾರ್ಡಲ್ಲಿ. ಮೇಸ್ತ್ರಿ ಅಂತಾರೆ.”

“ಈ ಬೋಟ್ ನೋಡ್ಕೊಳ್ತಿದ್ದದ್ದು ಯಾರು?”

“ನಾನೇ.”

“ಕೊನೇ ಸಲ ಮುಟ್ಟಿದ್ದು?”

“ಭಾನುವಾರ ಸಂಜೆ. ಯಾರ್ಡಲ್ಲಿ ಗ್ರೀಸ್ ಹಾಕಿ, ಜೆಟ್ಟಿಗೆ ತಂದು ಕಟ್ಟಿದೆ.”

ಕೇಳಿದ್ದಕ್ಕೆ ಕೇಳಿದಷ್ಟೇ ಉತ್ತರ. ಸುತ್ತಿ ಬಳಸಿ ಮಾತಾಡುವವರನ್ನು ದಿನವಿಡೀ ಕೇಳಿ ಸಾಕಾಗಿದ್ದ ಇನ್ಸ್‌ಪೆಕ್ಟರ್‌ಗೆ ಮನುಷ್ಯ ಹಿಡಿಸಿದ. ಅವನು ಒಮ್ಮೆ ಮಾತ್ರ ತಲೆಯೆತ್ತಿ ಅವರ ಮುಖವನ್ನೇ ನೋಡಿದ. ಇನ್ನೊಂದು ಪ್ರಶ್ನೆ ಬಾಕಿ ಇದೆಯೇನೋ, ಅದು ಬರಲಿ ಎಂದು ಕಾಯುವವನಂತೆ ಕಂಡ. ಇನ್ಸ್‌ಪೆಕ್ಟರ್ ಏನೂ ಕೇಳದೆ ಇದ್ದಾಗ ಮತ್ತೆ ನೆಲ ನೋಡಿದ.

ದೂರು ಬರೆದುಕೊಂಡದ್ದು ಹೆಡ್ ಕಾನ್‌ಸ್ಟೇಬಲ್. ಠಾಣೆಗೆ ಕಂಪ್ಯೂಟರ್ ಬಂದು ಹನ್ನೆರಡು ವರ್ಷವಾದರೂ ಹಾಳೆಗಳ ನಡುವೆ ಕರಿಕಾಗದ ಇಟ್ಟೇ ಬರೆಯುವವನು. ಹಾಗಾಗಿ ಎಲ್ಲರ ಬಾಯಲ್ಲೂ ಅವನು ‘ಕಾರ್ಬನ್’. ಅಣ್ಣ ತಂಗಿ ಹೊರಗೆ ಹೋದ ಮೇಲೆ ಅವನು ಪೆನ್ನು ಕಚ್ಚಿಕೊಂಡು ಕೇಳಿದ:

“ಆರೋಪಿ ಹೆಸರಿಗೆ ಏನ್ ಹಾಕ್ಲಿ ಸಾರ್? ಗೋಡೆ ಅಂತ ಹಾಕಿದ್ರೆ ಬಂದರಿನೋರಿಗೆ ಬೇಜಾರಾಗುತ್ತೆ.”

“ಗೊತ್ತಾಗಿಲ್ಲ ಅಂತ ಹಾಕು. ತರಲೆ ಸಾಕು.”

11.05ಕ್ಕೆ ಎಫ್‌ಐಆರ್ ದಾಖಲಾಯಿತು.

ಮಧ್ಯಾಹ್ನ 12.30ಕ್ಕೆ ಬೋಟ್‌ಯಾರ್ಡಿನಲ್ಲಿ ಪಂಚನಾಮೆ. ಠಾಣೆಯ ಅಂಗಳದಲ್ಲಿ ಹಿಡಿಸದ ಬೋಟನ್ನು ಅಲ್ಲೇ ಮರದ ದಿಮ್ಮಿಗಳ ಮೇಲೆ ಏರಿಸಿ, ಟಾರ್ಪಾಲು ಹೊದಿಸಿ, ಸುತ್ತ ಪಟ್ಟಿ ಕಟ್ಟಿದ್ದರು. ಮೂತಿ ಒಳಕ್ಕೆ ಕುಸಿದಿತ್ತು. ಚಾಲಕನ ಸೀಟಿನ ಮುಂದೆ ಸ್ಟೀರಿಂಗ್ ಚಕ್ರ ಮಾತ್ರ ಒಂದು ಗೀರೂ ಇಲ್ಲದೆ ನಿಂತಿತ್ತು. ಅದರ ಅಂಚಿನಲ್ಲಿ, ಬಲಗೈ ಹಿಡಿಯುವ ಜಾಗದಲ್ಲಿ, ಕಪ್ಪು ಬಣ್ಣ ಸವೆದು ಬಿಳಿಯ ಲೋಹ ಇಣುಕುತ್ತಿತ್ತು.

“ಇದು ಹೇಗೆ ಕೆಲಸ ಮಾಡುತ್ತೆ ಹೇಳಪ್ಪ. ನಾನು ಜೀಪ್ ಬಿಟ್ರೆ ಏನೂ ಓಡಿಸಿದೋನಲ್ಲ.”

ಮೇಸ್ತ್ರಿ ಪಾಠ ಹೇಳುವವನಂತೆ ಬೆರಳಿಟ್ಟು ತೋರಿಸಿದ. “ಇಲ್ಲಿ ಚಕ್ರ ತಿರುಗಿಸಿದ್ರೆ ಕೇಬಲ್ಲು ಹಿಂದಿನ ಸರಳನ್ನ ತಳ್ಳುತ್ತೆ, ಇಲ್ಲಾ ಎಳೆಯುತ್ತೆ. ಸರಳಿಂದ ಈ ಕೊಂಡಿ, ಕೊಂಡಿಯಿಂದ ಎಂಜಿನ್ನು. ಎಂಜಿನ್ ತಿರುಗಿದ್ರೆ ಬೋಟ್ ತಿರುಗುತ್ತೆ. ಅಷ್ಟೇ ಸಾರ್.”

ಎಂಜಿನ್ನಿಗೆ ಸೇರಬೇಕಿದ್ದ ಕೊಂಡಿಯ ತುದಿ ಗಾಳಿಯಲ್ಲಿ ನೇತಾಡುತ್ತಿತ್ತು. ಅದನ್ನು ಹಿಡಿದಿದ್ದ ಬೋಲ್ಟು ಕೆಳಗಿನ ತೊಟ್ಟಿಯಲ್ಲಿ ಬಿದ್ದಿತ್ತು. ವಕ್ರವಾಗಿರಲಿಲ್ಲ, ಮುರಿದಿರಲಿಲ್ಲ.

“ಇದರ ನಟ್ಟು ಎಲ್ಲಿ ಹೋಗಿರ...”

“ಆ ಜಾಲರಿ ಹತ್ರ ಸಾರ್.”

ಪ್ರಶ್ನೆ ಮುಗಿದಿರಲಿಲ್ಲ. ಕಾರ್ಬನ್ ಮಂಡಿಯೂರಿ, ನೀರು ಹೊರಹೋಗುವ ಕಿಂಡಿಯ ಜಾಲರಿಗೆ ಎರಡು ಬೆರಳು ಹಾಕಿ ನಟ್ಟನ್ನು ಎತ್ತಿದ. ಒಳಗೆ ಪ್ಲಾಸ್ಟಿಕ್ಕಿನ ಬಳೆ ಇರುವ ಲಾಕ್ ನಟ್ಟು.

“ಇದು ತಾನಾಗೇ ಬಿಚ್ಕೊಳ್ಳುತ್ತಾ?” ಇನ್ಸ್‌ಪೆಕ್ಟರ್ ಕೇಳಿದರು.

“ಇಲ್ಲ ಸಾರ್.”

“ಅಲೆ ಹೊಡೆತಕ್ಕೆ? ಎಂಜಿನ್ ನಡುಕಕ್ಕೆ?”

“ಇಲ್ಲ ಸಾರ್. ಅದಕ್ಕೇ ಇದನ್ನ ಹಾಕೋದು.”

ಇನ್ಸ್‌ಪೆಕ್ಟರ್ ನಟ್ಟನ್ನು ಲಕೋಟೆಗೆ ಹಾಕಿಸಿ ಮುದ್ರೆ ಒತ್ತಿಸಿದರು. ತಪ್ಪು ಮಾಡಿದವನಾಗಿದ್ದರೆ ‘ನಡುಕಕ್ಕೆ ಬಿಚ್ಚಿರಬಹುದು’ ಎಂದು ಹೇಳಿ ಕೈತೊಳೆದುಕೊಳ್ಳಲು ಈಗಷ್ಟೇ ಬಾಗಿಲು ತೆರೆದುಕೊಟ್ಟಿದ್ದರು. ಇವನು ಅದನ್ನು ತನ್ನ ಕೈಯಾರೆ ಮುಚ್ಚಿದ. ಅವರು ಚಾಲಕನ ಸೀಟಿಗೆ ಹೋಗಿ ಚಕ್ರಕ್ಕೆ ಒಂದು ಬೆರಳು ತಾಗಿಸಿದರು. ಅದು ಕುಯ್ ಎಂದು ಸಣ್ಣಗೆ ಕೂಗಿ, ತಡೆಯೇ ಇಲ್ಲದೆ ತಿರುಗಿತು.

“ಇಷ್ಟು ಹಗುರಾನಾ?”

“ಈಗ ಹಗುರ ಸಾರ್,” ಮೇಸ್ತ್ರಿ ಮುಖ ತಿರುಗಿಸಿದ. “ಎಂಜಿನ್ ಸೇರಿಸಿದ್ರೆ ಕಲ್ಲು.”

ಸಂಜೆ 4.10ಕ್ಕೆ ಆಸ್ಪತ್ರೆಯ ಹೆಂಗಸರ ವಾರ್ಡಿನಲ್ಲಿ ಗಾಯಾಳು ನರ್ಸಿನ ಹೇಳಿಕೆ. ಅದೇ ಆಸ್ಪತ್ರೆಯಲ್ಲಿ ಹಿಂದೆ ಕೆಲಸ ಮಾಡಿದ್ದವರು, ಈಗ ಆಚೆ ದಡದ ಕ್ಲಿನಿಕ್ಕಿಗೆ ದಿನಾ ಬೋಟಿನಲ್ಲಿ ಹೋಗುತ್ತಿದ್ದವರು. ಎಡಗೈಗೆ ಪ್ಲಾಸ್ಟರ್. ಹಾಸಿಗೆಯಿಂದಲೇ ಪಕ್ಕದವಳ ಡ್ರಿಪ್ಪು ಸರಿಯಿಲ್ಲವೆಂದು ಯಾರನ್ನೋ ಗದರಿಸುತ್ತಿದ್ದರು.

“ನಮ್ಮ ಮೂರ್ಸುತ್ತಣ್ಣನ ಮೇಲೆ ತಪ್ಪು ಹೊರಿಸ್ತಿದಾರಂತೆ? ಬರ್ಕೊಳ್ಳಿ, ನಾವು ಒಂಬತ್ತು ಜನ ಬದುಕಿರೋದು ಅವರಿಂದ.”

“ಮೂರ್ಸುತ್ತಣ್ಣ ಅಂದ್ರೆ?”

“ಹಗ್ಗ ಬಿಚ್ಚೋ ಮುಂಚೆ ಚಕ್ರಾನ ಪೂರ್ತಿ ಎಡಕ್ಕೆ ಮೂರು ಸಲ, ಪೂರ್ತಿ ಬಲಕ್ಕೆ ಮೂರು ಸಲ ತಿರುಗಿಸಿ ನೋಡೋರು. ಅದಾಗ್ದೆ ಬೋಟ್ ಬಿಡ್ತಿರ್ಲಿಲ್ಲ. ನಮಗೆ ಡ್ಯೂಟಿಗೆ ಲೇಟಾದ್ರೂ ಸರಿ.”

“ಸೋಮವಾರ ತಿರುಗಿಸಿದ್ರಾ?”

“ಇಲ್ಲ. ಎರಡು ಮೂರು ವಾರದಿಂದ ಇಲ್ಲ. ನಾವೇ ಕಾಡಿಸ್ತಿದ್ವಿ, ‘ಏನಣ್ಣ, ಹೆಸರು ಬದಲಾಯಿಸ್ಬೇಕಾ?’ ಅಂತ. ‘ದೋಣಿಗೆ ನನ್ನ ಮೇಲೆ ನಂಬಿಕೆ ಬಂದಿದೆ ಬಿಡಮ್ಮ’ ಅಂತಿದ್ರು.”

“ಗೋಡೆ ಹತ್ರ ಏನಾಯ್ತು?”

“ಅಲ್ಲಿ ಎಡಕ್ಕೆ ದೊಡ್ಡ ತಿರುವು. ಚಕ್ರ ತಿರುಗಿಸಿದ್ರು. ಆಗ... ಇದನ್ನ ಬರ್ಕೋಬೇಡಿ.”

“ಹೇಳಿ.”

“ನಕ್ಕರು ಸಾರ್.”

ಕಾರ್ಬನ್ನನ ಪೆನ್ನು ನಿಂತಿತು.

“ಹುಚ್ಚು ನಗೆ ಅಂದ್ಕೋಬೇಡಿ. ದಿನವೆಲ್ಲ ಬಿಗಿ ಶೂ ಹಾಕಿ ಮನೆಗೆ ಬಂದು ಬಿಚ್ತೀವಲ್ಲ, ಆಗ ಮುಖದಲ್ಲಿ ಒಂದು ಕಳೆ ಬರುತ್ತೆ ನೋಡಿ, ಹಾಗೆ. ಕಣ್ಣು ಮಿಟುಕಿಸೋ ಹೊತ್ತು. ಆಮೇಲೆ ಚಕ್ರ ತಿರುಗ್ತಾನೇ ಇದೆ, ಬೋಟ್ ನೆಟ್ಟಗೇ ಹೋಗ್ತಿದೆ. ಎಂಜಿನ್ ವೇಗ ಇಳಿಸಿದ್ರು. ‘ಎಲ್ರೂ ಹಿಂದಕ್ಕೆ ಹೋಗಿ’ ಅಂತ ಕೂಗಿದ್ರು. ಅವರು ಮಾತ್ರ ಬರ್ಲಿಲ್ಲ.”

“ಯಾಕೆ?”

“ಚಕ್ರ ಬಿಡ್ಲಿಲ್ಲ ಸಾರ್.”

ಆ ನಗು ಇನ್ಸ್‌ಪೆಕ್ಟರರ ಜೊತೆ ಮನೆಗೆ ಬಂತು. ಇಪ್ಪತ್ತೆರಡು ವರ್ಷದ ಸರ್ವೀಸಿನಲ್ಲಿ ಸಾಯುವವರ ಕಡೇ ಮಾತು ಎಷ್ಟೋ ಬರೆದುಕೊಂಡಿದ್ದರು. ಕಡೇ ನಗು ಇದೇ ಮೊದಲು. ಬುಧವಾರ ಬೆಳಿಗ್ಗೆ ಗಡ್ಡ ಕೆರೆದುಕೊಳ್ಳುತ್ತ ಕನ್ನಡಿಯಲ್ಲಿ ತಾವೇ ಒಮ್ಮೆ ಹಾಗೆ ನಕ್ಕು ನೋಡಿದರು. ಬರಲಿಲ್ಲ.

“ಏನ್ರೀ, ಕನ್ನಡೀಲಿ ಯಾರನ್ನ ಹುಡುಕ್ತಿದೀರಿ?” ಹೆಂಡತಿ ಕೇಳಿದರು.

“ಸತ್ತೋನನ್ನ,” ಎಂದರು.

ಬುಧವಾರ 11 ಗಂಟೆ. ಬೋಟಿನ ಮಾಲೀಕರ ಕಚೇರಿ ಜೆಟ್ಟಿಯ ಟಿಕೆಟ್ ಕೌಂಟರಿನ ಹಿಂದಿನ ಒಂದೇ ಕೋಣೆ. ಮೇಜಿನ ಮೇಲೆ ಎರಡು ಕ್ಯಾಟಲಾಗುಗಳು, ಎರಡರಲ್ಲೂ ಪುಟಗಳ ಕಿವಿ ಮಡಿಸಿದ್ದವು. ಮಾಲೀಕರು ಪೀಚು ಆಳು, ಮಾತು ಮಾತ್ರ ದಂಡಿ.

“ಹೈಡ್ರಾಲಿಕ್ ಹಾಕ್ಸಿ ಅಂತ ಮೇಸ್ತ್ರಿ ವರ್ಷದಿಂದ ನನ್ನ ತಲೆ ತಿಂದಿದಾನೆ ಸಾರ್. ಎರಡು ವರ್ಷದ ಹಿಂದೆ ದೊಡ್ಡ ಎಂಜಿನ್ ಕೂರಿಸಿದ್ವಿ, ಸ್ಟೀರಿಂಗ್ ಹಳೇದೇ ಉಳೀತು. ಭಾರ ಆಯ್ತು, ನಿಜ. ನಾನು ಯೋಚನೆ ಮಾಡಿಲ್ವಾ? ಪ್ರತಿ ಭಾನುವಾರ ಇದನ್ನೇ ಓದ್ತಾ ಕೂರ್ತೀನಿ, ಪರೀಕ್ಷೆಗೆ ಓದಿದ ಹಾಗೆ!”

“ಓದಿ ಏನ್ ತೀರ್ಮಾನ ಆಯ್ತು?”

“ಅಲ್ಲೇ ಇರೋದು ಕಷ್ಟ. ಹಾಕಿಸ್ಬೇಕು ಅಂದ್ರೆ ಬೋಟ್ ನಾಲ್ಕು ದಿನ ನಿಲ್ಬೇಕು. ಆಚೆ ದಡದೋರು ಈಜ್ಕೊಂಡು ಬರ್ತಾರಾ? ಆಮೇಲೆ, ಕೇಬಲ್ ಅಂದ್ರೆ ಕಣ್ಣಿಗೆ ಕಾಣೋ ವಸ್ತು. ಬಿಗಿ ಆದ್ರೆ ಕೈಗೇ ತಿಳಿಯುತ್ತೆ. ಅದು ಪೈಪಲ್ಲಿ ಎಣ್ಣೆ. ಒಳಗೆ ಗಾಳಿ ಸೇರಿದ್ರೆ, ಎಲ್ಲೋ ಒಂದು ಕಡೆ ಸೋರಿದ್ರೆ? ಇವತ್ತು ಹೌದು ಅನ್ಸುತ್ತೆ, ನಾಳೆ ಬೇಡ ಅನ್ಸುತ್ತೆ.”

“ಮೇಸ್ತ್ರಿ ಬರೆದುಕೊಟ್ಟಿದ್ನಾ?”

ಮಾಲೀಕರು ಡ್ರಾಯರಿನಿಂದ ಮೂರು ಹಾಳೆ ತೆಗೆದರು. ಉರುಟು ಅಕ್ಷರ, ಎಣ್ಣೆಯ ಬೆರಳಚ್ಚು. ಮೊದಲನೆಯದರಲ್ಲಿ ‘ಈ ಎಂಜಿನ್ನಿಗೆ ಕೇಬಲ್ ಸಾಲದು. ಹೈಡ್ರಾಲಿಕ್ ಆದರೆ ಎಣ್ಣೆಯ ಒತ್ತಡ ಎಂಜಿನ್ನನ್ನು ತಿರುಗಿಸುತ್ತದೆ, ಚಾಲಕನ ತೋಳು ತಿರುಗಿಸಬೇಕಾಗಿಲ್ಲ’ ಎಂದಿತ್ತು. ಎರಡನೆಯದರಲ್ಲಿ ‘ಚಾಲಕನಿಗೆ ಬಲಭುಜ ನೋವು ಶುರುವಾಗಿದೆ’. ಮೂರನೆಯದು ಒಂದೇ ಸಾಲು: ‘ದಯವಿಟ್ಟು.’ ಪ್ರತಿಯೊಂದರ ಕೆಳಗೂ ಹಸಿರು ಶಾಯಿಯಲ್ಲಿ ಮಾಲೀಕರ ಷರಾ ಇತ್ತು. ‘ನೋಡೋಣ.’ ‘ಸೀಸನ್ ಮುಗಿಯಲಿ.’ ‘ಕೆಟ್ಟಾಗ ನೋಡೋಣ.’

“ಈ ಕೊನೇದು ಯಾವತ್ತು ಬರೆದದ್ದು?”

“ಹೋದ ಶುಕ್ರವಾರ.”

ಇನ್ಸ್‌ಪೆಕ್ಟರ್ ಹಸಿರು ಅಕ್ಷರಗಳ ಮೇಲೆ ಬೆರಳಾಡಿಸಿದರು. ಶುಕ್ರವಾರ, ಶನಿವಾರ, ಭಾನುವಾರ. ಅವರ ಬೆರಳು ‘ಕೆಟ್ಟಾಗ’ ಎಂಬಲ್ಲಿ ನಿಂತುಹೋಯಿತು. ಹಾಳೆಗಳನ್ನು ವಶಕ್ಕೆ ತೆಗೆದುಕೊಂಡದ್ದಕ್ಕೆ ರಸೀದಿ ಬರೆಯುವಾಗ ಕಾರ್ಬನ್ ಅವರ ಮುಖ ನೋಡಿ, ಹೇಳಬೇಕೆಂದಿದ್ದ ತಮಾಷೆಯನ್ನು ನುಂಗಿಕೊಂಡ.

ಗುರುವಾರ ಬೆಳಿಗ್ಗೆ 10.15ಕ್ಕೆ ಅವರು ಮೃತನ ಮನೆಗೆ ಹೋದರು. ಎರಡು ಕೋಣೆ. ಮಗಳು ಬಾಗಿಲ ಬಳಿ ಕೂತು ಶಾಲೆಯ ಪುಸ್ತಕಕ್ಕೆ ರಟ್ಟು ಹಾಕುತ್ತಿದ್ದಳು. ಗೋಡೆಯ ಮೊಳೆಯಲ್ಲಿ ಚಾಲಕನ ಅಂಗಿಗಳು ಇನ್ನೂ ನೇತಾಡುತ್ತಿದ್ದವು. ಎಲ್ಲವೂ ಮುಂದೆ ಗುಂಡಿ ಇರುವವು. ಕೆಳಗೆ ಒಂದು ಮೂಲೆಯಲ್ಲಿ, ತಲೆಯ ಮೇಲಿಂದ ಹಾಕಿಕೊಳ್ಳುವ ಬನಿಯನ್ನುಗಳ ಮಡಿಕೆ ಧೂಳು ಹಿಡಿದಿತ್ತು.

“ಅವರು ಬನಿಯನ್ ಹಾಕ್ತಿರ್ಲಿಲ್ವಾ?”

ಆಕೆ ಮಗಳ ಕಡೆ ನೋಡಿ, ದನಿ ತಗ್ಗಿಸಿದಳು. “ಕೈ ಎತ್ತೋಕಾಗ್ತಿರ್ಲಿಲ್ಲ ಸಾರ್. ಅಂಗಿ ನಾನೇ ತೊಡಿಸ್ತಿದ್ದೆ. ತಲೆ ನಾನೇ ಬಾಚ್ತಿದ್ದೆ. ಬಲಭುಜ ಪೂರ್ತಿ ಹೋಗಿತ್ತು. ಯಾರ ಮುಂದೇನೂ ಬಾಯಿ ಬಿಡ್ಬೇಡ ಅಂದಿದ್ರು.”

“ಲೈಸೆನ್ಸ್ ಹೋಗುತ್ತೆ ಅಂತಾನಾ?”

“ಅದೂ ಒಂದು. ನಮ್ಮಣ್ಣಂಗಂತೂ ಹೇಳಲೇಬೇಡ ಅಂದಿದ್ರು. ಅವನಿಗೆ ಸ್ವಲ್ಪ ನೋವು ಅಂತಷ್ಟೇ ಗೊತ್ತು. ಇಷ್ಟು ಅಂತ ಗೊತ್ತಿಲ್ಲ.”

“ಚಕ್ರ ಮೂರು ಸುತ್ತು ತಿರುಗಿಸೋದು ಬಿಟ್ಟಿದ್ರಂತೆ.”

“ಇಪ್ಪತ್ತು ದಿನ ಆಗಿತ್ತು. ಇರೋ ಶಕ್ತೀನ ದಾರಿಗೆ ಉಳಿಸ್ಕೋತೀನಿ ಕಣೇ ಅಂದ್ರು.” ಆಕೆ ತಟ್ಟನೆ ತಲೆಯೆತ್ತಿದಳು. “ಇದು ನಿರ್ಲಕ್ಷ್ಯ ಆಗುತ್ತಾ ಸಾರ್?”

ಇನ್ಸ್‌ಪೆಕ್ಟರ್ ಟಿಪ್ಪಣಿ ಪುಸ್ತಕ ಮಡಿಸಿ ಜೇಬಿಗಿಟ್ಟರು. ಅವರಿಗೆ ಆ ನಗು ಈಗ ಅರ್ಥವಾಗಿತ್ತು. ಎಷ್ಟೋ ತಿಂಗಳಿನಿಂದ ಕಲ್ಲಿನಂತಿದ್ದ ಚಕ್ರ ಗೋಡೆಯ ತಿರುವಿನಲ್ಲಿ ಒಮ್ಮೆಗೇ ಹಗುರಾಗಿತ್ತು. ಆ ಮನುಷ್ಯನ ಭುಜಕ್ಕೆ ನೋವಾಗಿರಲಿಲ್ಲ. ಯಾಕೆ ಎಂದು ತಲೆಗೆ ಹೊಳೆಯುವ ಮೊದಲೇ ಮೈಗೆ ಹಿತವಾಗಿಬಿಟ್ಟಿತ್ತು.

ಅರ್ಥವಾದ ಮೇಲೆ ಅದು ಅವರನ್ನು ಬಿಟ್ಟುಹೋಗಬೇಕಿತ್ತು. ಹೋಗಲಿಲ್ಲ. ಜೀಪಿನಲ್ಲಿ ವಾಪಸು ಬರುವಾಗ ಡ್ರೈವರ್ ತಿರುವಿನಲ್ಲಿ ಸ್ಟೀರಿಂಗ್ ತಿರುಗಿಸಿದ ಪ್ರತಿ ಸಲವೂ ಅವರು ಅವನ ಮುಖ ನೋಡುತ್ತಿದ್ದರು.

ಸಂಜೆ 5.30ಕ್ಕೆ ಪ್ರಯೋಗಾಲಯದಿಂದ ಫೋನ್ ಬಂತು. ನಟ್ಟಿನ ಮೂರು ಮುಖಗಳ ಮೇಲೆ ಸ್ಪ್ಯಾನರಿನ ಹೊಸ ಗುರುತು. ಎಳೆಗಳು ಸವೆದಿಲ್ಲ. ಬೇಕೆಂದೇ ಬಿಚ್ಚಿ, ಕೊನೆಯ ಎಳೆಯ ಮೇಲೆ ನಿಲ್ಲಿಸಿದ್ದು.

ಫೋನ್ ಇಡುವಷ್ಟರಲ್ಲಿ ಬೋಟ್‌ಯಾರ್ಡಿನ ಕಾವಲುಗಾರ ಬಾಗಿಲಲ್ಲಿ ನಿಂತಿದ್ದ. ಕೈಯಲ್ಲಿ ಬೀಗದ ಕೈಗೊಂಚಲು.

“ಇದನ್ನ ತಗೊಂಡು ನನ್ನ ಬಿಟ್ಬಿಡಿ ಸಾರ್. ಆ ಬೋಟ್ ಕಾಯೋದು ನನ್ನ ಕೈಲಾಗಲ್ಲ. ಎರಡು ದಿನದಿಂದ ಟಾರ್ಪಾಲಿನ ಒಳಗೆ ಚಕ್ರ ತಿರುಗ್ತಿದೆ.”

“ಯಾವ ಹೊತ್ತಲ್ಲಿ?”

“ಬೆಳಿಗ್ಗೆ ಆರೂವರೆ. ಮೊದಲನೇ ಟ್ರಿಪ್ ಟೈಮು. ಎಡಕ್ಕೆ ಕುಯ್ ಅನ್ನುತ್ತೆ, ಬಲಕ್ಕೆ ಕುಯ್ ಅನ್ನುತ್ತೆ. ಆಮೇಲೆ ಏನೋ ಟಣ್ ಅಂತ ಬೀಳುತ್ತೆ. ಮತ್ತೆ ಮೊದಲಿಂದ. ಸತ್ತೋರು ಇನ್ನೂ ಹೊರಟಿಲ್ಲ ಸಾರ್.”

“ದೆವ್ವಕ್ಕೂ ಡ್ಯೂಟಿ ಟೈಮಿಂಗ್ ಇದೆ ನೋಡಿ,” ಎಂದ ಕಾರ್ಬನ್. ಆದರೆ ದನಿಯಲ್ಲಿ ನಗು ಇರಲಿಲ್ಲ.

ಶುಕ್ರವಾರ ಬೆಳಿಗ್ಗೆ 6.15. ಇನ್ಸ್‌ಪೆಕ್ಟರ್, ಕಾರ್ಬನ್ ಮತ್ತು ಇಬ್ಬರು ಪಂಚರು ಹಳೆಯ ಎಂಜಿನ್ ಡಬ್ಬಿಗಳ ಹಿಂದೆ ನಿಂತಿದ್ದರು. ಬೆಳಕಾಗಿತ್ತು, ಬಿಸಿಲು ಬಂದಿರಲಿಲ್ಲ. ಮೇಲೆತ್ತಿ ನಿಲ್ಲಿಸಿದ ದೋಣಿಗಳ ಹೊಟ್ಟೆಯಿಂದ ಇಬ್ಬನಿ ತೊಟ್ಟಿಕ್ಕುತ್ತಿತ್ತು.

6.28ಕ್ಕೆ ಹಿಂದಿನ ಗೇಟಿನಿಂದ ಮೇಸ್ತ್ರಿ ಬಂದ. ಅವಿತುಕೊಂಡು ಬಂದವನಲ್ಲ, ಕೆಲಸಕ್ಕೆ ಬರುವವನ ನಡಿಗೆ. ಪಟ್ಟಿಯ ಕೆಳಗೆ ಬಗ್ಗಿ, ಟಾರ್ಪಾಲಿನ ಒಂದು ಮೂಲೆ ಸರಿಸಿ ಬೋಟು ಹತ್ತಿದ. ಕೊಂಡಿಯನ್ನು ಎಂಜಿನ್ನಿಗೆ ಸೇರಿಸಿ ಜೇಬಿನಿಂದ ಬೇರೊಂದು ಬೋಲ್ಟು, ನಟ್ಟು ತೆಗೆದು, ಬೋಲ್ಟನ್ನು ತೂರಿಸಿದ, ನಟ್ಟನ್ನು ಎರಡೇ ಬೆರಳಿನಿಂದ ಸ್ವಲ್ಪ ತಿರುಗಿಸಿ ಬಿಟ್ಟ. ಆಮೇಲೆ ಮುಂದೆ ಹೋಗಿ ಭಾವನ ಸೀಟಿನಲ್ಲಿ ಕೂತ. ಎರಡೂ ಕೈಯಿಂದ, ಹಲ್ಲು ಕಚ್ಚಿ, ಚಕ್ರವನ್ನು ಪೂರ್ತಿ ಎಡಕ್ಕೆ ತಿರುಗಿಸಿದ. ಕುಯ್. ಬಲಕ್ಕೆ. ಮತ್ತೆ ಎಡಕ್ಕೆ.

ಟಣ್.

ಚಕ್ರ ಹಗುರಾಗಿ ಅವನ ಕೈಯಲ್ಲಿ ಜಾರಿತು. ಅವನು ಎದ್ದು ಬಂದು, ತೊಟ್ಟಿಯಲ್ಲಿ ಬಿದ್ದ ಬೋಲ್ಟನ್ನು ಎತ್ತಿ, ಮತ್ತೆ ತೂರಿಸಿದ. ಮತ್ತೆ ಹೋಗಿ ಕೂತ.

ಮೂರನೆಯ ಸಲಕ್ಕೆ ಇನ್ಸ್‌ಪೆಕ್ಟರ್ ಹತ್ತಿರ ಹೋಗಿ ನಿಂತರು. ಅವನು ಬೆಚ್ಚಲಿಲ್ಲ.

“ಎರಡನೇ ಸುತ್ತಿಗೇ ಬಿಡುತ್ತೆ ಸಾರ್. ಪ್ರತಿ ಸಲಾನೂ. ಒಂದು ಸಲಾನೂ ಮೂರಕ್ಕೆ ಹೋಗ್ಲಿಲ್ಲ.”

“ನೀನೇನಾ ಸಡಿಲ ಮಾಡಿದ್ದು?”

“ನಾನೇ.” ಅವನು ಬಹಳ ಹೊತ್ತಿನಿಂದ ಹಿಡಿದಿದ್ದ ಉಸಿರನ್ನು ಬಿಟ್ಟ. “ಮಂಗಳವಾರಾನೇ ಕೇಳ್ತೀರಿ ಅಂದ್ಕೊಂಡಿದ್ದೆ. ಎಲ್ಲಾ ಕೇಳಿದ್ರಿ, ಇದೊಂದು ಬಿಟ್ಟು. ತಂಗಿ ಪಕ್ಕದಲ್ಲಿ ಕೂತಿರುವಾಗ ನಾನಾಗೇ ಹೇಳೋಕೆ ಬಾಯಿ ಬರ್ಲಿಲ್ಲ ಸಾರ್.”

“ಯಾವಾಗ ಮಾಡಿದ್ದು?”

“ಭಾನುವಾರ ಸಂಜೆ ಆರಕ್ಕೆ. ಜೆಟ್ಟೀಲಿ ಕಟ್ಟಿದ ಮೇಲೆ.”

“ಯಾಕೆ?”

“ಕೆಟ್ಟಾಗ ನೋಡೋಣ ಅಂದ್ರಲ್ಲ ಸಾರ್, ಅದಕ್ಕೆ ಕೆಡಿಸಿದೆ.” ಮೇಸ್ತ್ರಿ ಚಕ್ರದ ಸವೆದ ಜಾಗವನ್ನು ಹೆಬ್ಬೆರಳಿನಿಂದ ಉಜ್ಜಿದ. “ಭಾ‍ವ ಬೆಳಿಗ್ಗೆ ಬರ್ತಾರೆ, ಹಗ್ಗ ಬಿಚ್ಚೋ ಮುಂಚೆ ತಿರುಗಿಸ್ತಾರೆ, ಎರಡನೇ ಸುತ್ತಿಗೆ ಕೊಂಡಿ ಬಿಡುತ್ತೆ. ಬೋಟ್ ಕಟ್ಟಿರುತ್ತೆ, ಜನ ಜೆಟ್ಟೀಲೇ ಇರ್ತಾರೆ. ಎಲ್ರ ಮುಂದೇನೇ ಕೆಟ್ರೆ ಓನರ್ ಇನ್ನೊಂದು ಸಲ ನೋಡೋಣ ಅನ್ನೋ ಹಾಗಿಲ್ಲ. ಭಾ‍ವನ ಭುಜಕ್ಕೆ ಬಿಡುವು ಸಿಗುತ್ತೆ. ಎಲ್ಲಾ ಲೆಕ್ಕ ಹಾಕಿದ್ದೆ ಸಾರ್. ನಾನು ಒಂಬತ್ತು ಗಂಟೆಗೆ ಕೆಲಸಕ್ಕೆ ಬರೋನು, ಮೊದಲನೇ ಟ್ರಿಪ್ ಹೊರಡೋದನ್ನ ನೋಡಿ ಎಷ್ಟು ಕಾಲ ಆಯ್ತೋ. ಆದ್ರೂ ಅವರು ತಿರುಗಿಸ್ದೇ ಹೊರಡೋ ಮನುಷ್ಯ ಅಲ್ಲ.” ಅವನು ಮುಖವೆತ್ತಿದ. “ಯಾಕೆ ತಿರುಗಿಸ್ಲಿಲ್ಲ ಸಾರ್? ಹದಿನೇಳು ವರ್ಷದಲ್ಲಿ ಒಂದು ದಿನ ತಪ್ಪಿಸ್ದೋರಲ್ಲ. ಅವತ್ತೊಂದಿನ ಯಾಕೆ?”

ಇನ್ಸ್‌ಪೆಕ್ಟರಿಗೆ ಉತ್ತರ ಗೊತ್ತಿತ್ತು. ಅವರ ಜೇಬಿನ ಟಿಪ್ಪಣಿ ಪುಸ್ತಕದಲ್ಲಿ, ಗುರುವಾರ 10.15 ಎಂಬ ತಲೆಬರಹದ ಕೆಳಗೆ ಅದು ಇತ್ತು. ಕೇಳುವುದು ಅವರ ಕೆಲಸ. ಕೇಳಿಸಿಕೊಂಡದ್ದನ್ನು ಇನ್ನೊಬ್ಬರ ಎದೆಗೆ ಇಳಿಸುವುದನ್ನು ಯಾವ ತರಬೇತಿಯಲ್ಲೂ ಹೇಳಿಕೊಟ್ಟಿರಲಿಲ್ಲ.

“ಇಳಿ,” ಎಂದರು. “ನಡಿ, ಹೋಗೋಣ.”

6.52ಕ್ಕೆ ದಸ್ತಗಿರಿ. ಬೋಲ್ಟು, ನಟ್ಟು, ಅವನ ಪೆಟ್ಟಿಗೆಯಲ್ಲಿದ್ದ ಸ್ಪ್ಯಾನರು ಜಪ್ತಿ. ಪಂಚರ ಸಹಿ.

ಠಾಣೆಯಲ್ಲಿ ಕಾರ್ಬನ್ ಮೂರು ಹಾಳೆ, ಎರಡು ಕರಿಕಾಗದ ಜೋಡಿಸಿಕೊಂಡು ಕೂತ. ‘ಉದ್ದೇಶ’ ಎಂಬಲ್ಲಿಗೆ ಬಂದಾಗ ಪೆನ್ನು ಎತ್ತಿ ಹಿಡಿದ.

“ಏನ್ ಬರೀಲಿ ಸಾರ್? ದ್ವೇಷ ಇಲ್ಲ. ಆಸ್ತಿ ಇಲ್ಲ. ಕುಡಿದಿರ್ಲಿಲ್ಲ.”

ಇನ್ಸ್‌ಪೆಕ್ಟರ್ ಹೇಳಿದರು, ಅವನು ಬರೆದ: ‘ಬೋಟಿನ ಸ್ಟೀರಿಂಗ್ ಬದಲಾಯಿಸುವಂತೆ ಮಾಲೀಕರನ್ನು ಒಪ್ಪಿಸಲು ಬೇರೆ ದಾರಿ ಕಾಣದೆ.’ ಮಾಲೀಕರ ಮೂರು ಹಸಿರು ಷರಾಗಳ ನಕಲು ಅದೇ ಕಡತಕ್ಕೆ ಸೇರಿತು. ಎಚ್ಚರಿಕೆ ಬಂದ ಮೇಲೂ ಬೋಟು ಓಡಿಸಿದ್ದಕ್ಕೆ ಅವರ ಮೇಲೆ ಬೇರೆ ವರದಿ.

ಮಧ್ಯಾಹ್ನ 3.40ಕ್ಕೆ ತಂಗಿ ಬಂದಳು. ಸುದ್ದಿ ಬೆಳಿಗ್ಗೆಯೇ ತಲುಪಿತ್ತು. ಇಷ್ಟು ಹೊತ್ತು ಎಲ್ಲಿದ್ದಳೋ, ಚಪ್ಪಲಿಗೆ ಒದ್ದೆ ಮರಳು ಅಂಟಿತ್ತು. ಇನ್ಸ್‌ಪೆಕ್ಟರ್ ಹೊಸ ವರದಿಯನ್ನು ಅವಳ ಮುಂದಿಟ್ಟರು. ಅವಳು ಬೆರಳಿಟ್ಟು ಓದಿದಳು. ‘ಮೃತ ಚಾಲಕನಿಗೆ ಬಲಭುಜದ ತೀವ್ರ ನೋವಿನಿಂದಾಗಿ ಹೊರಡುವ ಮುನ್ನ ಚಕ್ರವನ್ನು ಪೂರ್ತಿ ತಿರುಗಿಸಿ ನೋಡುವುದು ಸಾಧ್ಯವಿರಲಿಲ್ಲ. ಕೊಂಡಿ ಕಳಚಿದ ಕೂಡಲೇ ಆತ ಎಂಜಿನ್ ವೇಗ ತಗ್ಗಿಸಿ, ಪ್ರಯಾಣಿಕರನ್ನು ಹಿಂದಕ್ಕೆ ಕಳುಹಿಸಿ, ಒಂಬತ್ತು ಜೀವ ಉಳಿಸಿದ್ದಾನೆ.’

“ಆ ಎರಡು ಪದ?”

“ಇಲ್ಲ. ಎಲ್ಲೂ ಇಲ್ಲ.”

“ಮಗಳಿಗೆ ತೋರಿಸ್ಬಹುದಾ?”

“ತೋರಿಸಿ.”

ಅವಳು ಕಾಗದವನ್ನು ಮಡಿಸಿಕೊಳ್ಳದೆ ಅಲ್ಲೇ ಬಿಟ್ಟು, ಲಾಕಪ್ಪಿನ ಕಡೆ ನೋಡಿದಳು. ವರದಿಯ ಕೊನೆಯ ಸಾಲಿನಲ್ಲಿ ಮಗಳ ಸೋದರಮಾವನ ಹೆಸರೂ ಇತ್ತು.

ಮೇಸ್ತ್ರಿ ಕಂಬಿ ಹಿಡಿದು ನಿಂತಿದ್ದ. ಅವಳು ಎರಡಡಿ ದೂರದಲ್ಲಿ ನಿಂತಳು.

“ಅಣ್ಣ.”

ಅವನು ತಲೆಯೆತ್ತಲಿಲ್ಲ.

“ಇಪ್ಪತ್ತು ದಿನದಿಂದ ಅವರು ಸುತ್ತು ತಿರುಗಿಸ್ತಿರ್ಲಿಲ್ಲ. ಅವತ್ತೊಂದಿನ ಅಲ್ಲ. ತೋಳು ಎತ್ತೋಕೇ ಬರ್ತಿರ್ಲಿಲ್ಲ ಅವರಿಗೆ.”

ಅವನ ಕೈ ಕಂಬಿಯ ಮೇಲೆ ಬಿಗಿಯಾಯಿತು. “ನಂಗ್ಯಾಕೆ ಹೇಳ್ಲಿಲ್ಲ?”

“ನಿಂಗೆ ಹೇಳಿದ್ರೆ ನೀನು ಸುಮ್ನಿರಲ್ಲ, ಏನಾದ್ರೂ ಮಾಡ್ಬಿಡ್ತೀಯ ಅಂತ.”

ಹೊರಗೆ ಜೆಟ್ಟಿಯಲ್ಲಿ ನಾಲ್ಕು ಗಂಟೆಯ ಟ್ರಿಪ್ಪಿಗೆ ಗಂಟೆ ಬಾರಿಸಿದರು. ಆ ದಾರಿಗೆ ಬೇರೆ ಬೋಟು, ಬೇರೆ ಚಾಲಕ ಬಂದು ಮೂರು ದಿನವಾಗಿತ್ತು. ಠಾಣೆಯ ಕಿಟಕಿಯಿಂದ ಇನ್ಸ್‌ಪೆಕ್ಟರಿಗೆ ಕಾಣುತ್ತಿತ್ತು: ಜನ ಟಿಕೆಟ್ ಹಿಡಿದು ಜೆಟ್ಟಿಯ ಮೇಲೇ ನಿಂತಿದ್ದಾರೆ, ಯಾರೂ ಹತ್ತುತ್ತಿಲ್ಲ. ಪ್ಲಾಸ್ಟರಿನ ಕೈ ಕೊರಳಿಗೆ ನೇತುಹಾಕಿಕೊಂಡ ನರ್ಸ್ ಚಾಲಕನಿಗೆ ಏನೋ ಹೇಳಿದರು. ಹೊಸ ಚಾಲಕ ಚಕ್ರ ಹಿಡಿದು ಪೂರ್ತಿ ಎಡಕ್ಕೆ ತಿರುಗಿಸಿದ, ಪೂರ್ತಿ ಬಲಕ್ಕೆ ತಿರುಗಿಸಿದ. ಅದರ ಕುಯ್ ಎಂಬ ದನಿ ನೀರಿನ ಮೇಲಿಂದ ಠಾಣೆಯವರೆಗೂ ಬಂತು.

ಆ ಮೊದಲ ಸುತ್ತಿಗೆ ಲಾಕಪ್ಪಿನ ಕಂಬಿಯ ಮೇಲೆ ಮೇಸ್ತ್ರಿಯ ತೋರುಬೆರಳು ಮೆಲ್ಲಗೆ ಒಮ್ಮೆ ತಟ್ಟಿತು. ಎರಡನೆಯ ಸುತ್ತಿಗೆ ಇನ್ನೊಮ್ಮೆ. ಮೂರನೆಯದಕ್ಕೆ ಅವನು ಉಸಿರು ಬಿಗಿಹಿಡಿದು ಕಾದ. ಬೆರಳು ತಟ್ಟಿತು. ಎಂಜಿನ್ ಶುರುವಾಯಿತು.